ಹೆಸರು ಕೇಳದೆ ಹಾಕಿಸಿಕೊಂಡ ಸೂಜಿ

ಹೋದ ವಾರ ಒಬ್ಬ ಹುಡುಗಿ ಅಳತೆ ಕೊಡಲು ಬಂದಿದ್ದಳು. ಹುಡುಗಿ ಅಂದರೆ ಮೂವತ್ತೈದರ ಆಸುಪಾಸು, ನನಗೆ ಹುಡುಗಿಯೇ. ಅಳತೆ ಮುಗಿದ ಮೇಲೂ ಕನ್ನಡಿ ಮುಂದಿನಿಂದ ಸರಿಯಲಿಲ್ಲ. ಎರಡೂ ತೋರುಬೆರಳಿನಿಂದ ಕೆನ್ನೆಯನ್ನು ಸ್ವಲ್ಪ ಮೇಲಕ್ಕೆ ಎಳೆದು ಹಿಡಿದಳು. ಮೂಗಿನ ಪಕ್ಕದಿಂದ ಬಾಯಿಯ ಕೊನೆಯವರೆಗೆ ಇಳಿಯುವ ಗೆರೆ ಮಾಯವಾಯಿತು. ಬೆರಳು ಬಿಟ್ಟಳು, ಗೆರೆ ವಾಪಸ್ ಬಂತು.

"ಅಕ್ಕ, ಇದಕ್ಕೆ ಫಿಲ್ಲರ್ ಹಾಕಿಸ್ಕೊಳ್ಳೋಣ ಅಂತಿದೀನಿ. ಪರ್ಮನೆಂಟ್ ಅಂತೆ. ಒಂದೇ ಸಲ ಚುಚ್ಚಿಸ್ಕೊಂಡ್ರೆ ಆಯ್ತು, ಆಮೇಲೆ ತಲೆನೋವೇ ಇರಲ್ಲ."

ಗೆರೆ ತುಂಬಲು ಚರ್ಮದ ಕೆಳಗೆ ಚುಚ್ಚುವ ವಸ್ತುವಿಗೆ ಫಿಲ್ಲರ್ ಅನ್ನುತ್ತಾರೆ. ಟೇಪು ಸುತ್ತುತ್ತಿದ್ದ ನನ್ನ ಕೈ ಹಾಗೇ ನಿಂತಿತು. 2012ರಲ್ಲಿ ನಾನು ನನ್ನ ತಂಗಿಗೆ ಹೇಳಿದ ಮಾತು ಹೆಚ್ಚುಕಮ್ಮಿ ಇದೇ.

ಆ ಹುಡುಗಿಗೆ ಆವತ್ತು ಎಲ್ಲಾ ಹೇಳಲು ಆಗಲಿಲ್ಲ. ಬೇರೆ ಗಿರಾಕಿಗಳಿದ್ದರು. ಹೇಳಿದ್ದಷ್ಟು ಹೇಳಿದೆ, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಂಥವರು ಇನ್ನೂ ಎಷ್ಟೋ ಜನ ಇರುತ್ತಾರೆ, ಅಲ್ವಾ?

ನಾನು ಹೊಲಿಗೆ ಕೆಲಸದವಳು. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ. 2012ರಲ್ಲಿ ನನಗೆ ಮೂವತ್ತಾರು. ದಿನವೆಲ್ಲಾ ಬೇರೆಯವರ ಜೊತೆ ಕನ್ನಡಿ ಮುಂದೆ ನಿಲ್ಲುವ ಕೆಲಸ ನಮ್ಮದು. ಅವರು ಬಟ್ಟೆ ನೋಡಿಕೊಂಡರೆ ನಾನು ಅವರ ಭುಜದ ಹಿಂದೆ ನನ್ನ ಮುಖ ನೋಡುತ್ತಿದ್ದೆ. ಆ ಎರಡು ಗೆರೆಗಳು ಆಳವಾಗುತ್ತಾ ಹೋದವು. "ಯಾಕೆ ಬೇಜಾರಾಗಿದೀಯ?" ಅಂತ ಜನ ಕೇಳೋರು. ಬೇಜಾರು ಏನೂ ಇರುತ್ತಿರಲಿಲ್ಲ. ಮುಖವೇ ಹಾಗೆ ಕಾಣುತ್ತಿತ್ತು. ಅದು ಮನಸ್ಸಿಗೆ ತುಂಬಾ ನಾಟುತ್ತಿತ್ತು. ಚೆಂದ ಕಾಣಬೇಕು ಅಂತ ಆಸೆಪಟ್ಟದ್ದಕ್ಕೆ ಇವತ್ತಿಗೂ ನನಗೆ ನಾಚಿಕೆ ಇಲ್ಲ. ಆಸೆ ಪಡುವುದು ತಪ್ಪಲ್ಲ.

ಒಂದು ಕ್ಲಿನಿಕ್‌ಗೆ ಹೋದೆ. ಹೆಸರು ಬೇಡ. ಅಲ್ಲಿದ್ದವರು ಚೆನ್ನಾಗಿಯೇ ಮಾತಾಡಿದರು. "ಎರಡು ತರ ಇದೆ. ಒಂದು ವರ್ಷಕ್ಕೆ ಕರಗೋದು, ಇನ್ನೊಂದು ಲೈಫ್‌ಲಾಂಗ್" ಅಂದರು. ಎರಡನೆಯದಕ್ಕೆ ದುಡ್ಡು ಜಾಸ್ತಿ, ಆದರೆ ಒಂದೇ ಸಲ. ನಾನು ಯೋಚನೆ ಮಾಡಿದ್ದು ಅರ್ಧ ನಿಮಿಷ. ಯಾವಾಗಲೂ ಗಟ್ಟಿ ಹೊಲಿಗೆ ಹಾಕುವವಳು ನಾನು, ಬಾಳಿಕೆ ಬರುವುದೇ ಒಳ್ಳೆಯದು ಅನ್ನಿಸಿತು. ಕ್ರೀಮ್ ಹಚ್ಚಿ ಮರಗಟ್ಟಿಸಿದರು. ಎರಡೂ ಕಡೆ ನಾಲ್ಕಾರು ಕಡೆ ಚುಚ್ಚಿದರು. ಅರ್ಧ ಗಂಟೆಯಲ್ಲಿ ಮನೆಗೆ ಹೊರಟೆ. ಆ ಸಿರಿಂಜಿನೊಳಗೆ ಇದ್ದದ್ದು ಏನು ಅಂತ ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ಕೈಗೆ ಕೊಟ್ಟ ಚೀಟಿಯಲ್ಲಿ "ಫಿಲ್ಲರ್" ಅನ್ನೋ ಒಂದೇ ಪದ, ಕೆಳಗೆ ಮೊತ್ತ.

ಒಂಬತ್ತು ವರ್ಷ ಚೆನ್ನಾಗಿತ್ತು. ಇದನ್ನು ಮುಚ್ಚಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ಗೆರೆ ತುಂಬಿಕೊಂಡಿತ್ತು, ಜನ ಬೇಜಾರಾ ಅಂತ ಕೇಳುವುದು ನಿಂತಿತ್ತು, ನಾನೂ ಅದನ್ನು ಮರೆತೇ ಬಿಟ್ಟಿದ್ದೆ.

2021ರಲ್ಲಿ ಎಡಗಡೆ ಒಂದು ಹಲ್ಲಿಗೆ ರೂಟ್ ಕೆನಾಲ್ ಆಯಿತು. ಸುಮಾರು ಎರಡು ವಾರ ಆದ ಮೇಲೆ ಒಂದು ಸಂಜೆ ಲಂಗದ ಅಂಚು ಮಡಿಸುತ್ತಾ ಕೂತಿದ್ದೆ. ನಮ್ಮ ಕೆಲಸದವರಿಗೆಲ್ಲ ಒಂದು ಅಭ್ಯಾಸ ಇರುತ್ತದೆ, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿ ಹಿಡಿಯುವುದು. ಆವತ್ತು ತುಟಿ ಬಿಗಿ ಹಿಡಿದಾಗ ಎಡಗಡೆ ಏನೋ ಅಡ್ಡ ಬಂದಂತಾಯಿತು. ಸೂಜಿ ತೆಗೆದು ಬೆರಳಿಟ್ಟು ನೋಡಿದೆ. ಚರ್ಮದ ಕೆಳಗೆ ಒಂದು ಗಂಟು. ಷರ್ಟಿನ ತೋಳಿಗೆ ಹಾಕುವ ಸಣ್ಣ ಗುಂಡಿಯಷ್ಟು. ಒತ್ತಿದರೆ ಗಟ್ಟಿ, ಸ್ವಲ್ಪ ಬಿಸಿ. ಹಲ್ಲಿನ ಊತ ಇರಬೇಕು ಅಂತ ಸುಮ್ನೆ ಆದೆ. ಒಂದು ತಿಂಗಳಲ್ಲಿ ಗುಂಡಿ ಎರಡಾಯಿತು, ಮೇಲಿನ ಚರ್ಮ ಕೆಂಪಾಯಿತು. ನಕ್ಕರೆ ಎಡ ಕೆನ್ನೆ ಒಂದು ಕಡೆ ಹಿಡಿದುಕೊಂಡಂತೆ ಆಗುತ್ತಿತ್ತು.

ಹಲ್ಲಿನ ಡಾಕ್ಟರ್ ಹಲ್ಲು ಸರಿ ಇದೆ ಅಂದರು. ಚರ್ಮದ ಡಾಕ್ಟರ್ ಹತ್ತಿರ ಹೋದೆ. ವಯಸ್ಸಾದ ಹೆಂಗಸು, ನಿಧಾನವಾಗಿ ಮಾತಾಡುವವರು. ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆಯೇ ಇದು: "ಇಲ್ಲಿ ಯಾವತ್ತಾದ್ರೂ ಏನಾದ್ರೂ ಹಾಕಿಸ್ಕೊಂಡಿದೀರಾ?"

"ಫಿಲ್ಲರ್, ಡಾಕ್ಟ್ರೇ. ಒಂಬತ್ತು ವರ್ಷ ಆಯ್ತು."

"ಯಾವ ಫಿಲ್ಲರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕ್ಲಿನಿಕ್ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಫೋನ್ ನಂಬರ್ ಬೇರೆ ಯಾರದೋ ಆಗಿತ್ತು. ಅಲ್ಲಿಂದ ಸುಮಾರು ಮೂರು ತಿಂಗಳು ನಮ್ಮೆಲ್ಲರ ಕೆಲಸ ಅದೇ ಆಯಿತು, ಆ ಹೆಸರು ಹುಡುಕುವುದು.

ಹೆಸರಿಗೆ ಯಾಕೆ ಅಷ್ಟು ಮಹತ್ವ ಅಂತ ನನಗೂ ಆಗ ಗೊತ್ತಿರಲಿಲ್ಲ. ಫಿಲ್ಲರ್ ಅನ್ನುವುದು ಒಂದು ವಸ್ತುವಿನ ಹೆಸರೇ ಅಲ್ಲ. "ಬಟ್ಟೆ" ಅಂದ ಹಾಗೆ. ಹತ್ತಿಯೂ ಬಟ್ಟೆ, ರೇಷ್ಮೆಯೂ ಬಟ್ಟೆ, ನೈಲಾನೂ ಬಟ್ಟೆ. ಇಸ್ತ್ರಿ ಎಷ್ಟು ಕಾಯಿಸಬೇಕು ಅಂತ ಹೇಳಬೇಕಾದರೆ ಯಾವ ಬಟ್ಟೆ ಅಂತ ಗೊತ್ತಿರಬೇಕು. ಗೊತ್ತಿಲ್ಲದೆ ಇಟ್ಟರೆ ನೈಲಾನ್ ಕರಗಿ ಅಂಟಿಕೊಳ್ಳುತ್ತದೆ.

ಈಗ ಹೆಚ್ಚು ಜನ ಹಾಕಿಸಿಕೊಳ್ಳುವುದು ಹಯಲುರಾನಿಕ್ ಆಸಿಡ್ ಜೆಲ್. ಅದು ನಮ್ಮ ಚರ್ಮದಲ್ಲೇ ಇರುವ ಜಾತಿಯ ವಸ್ತು. ಅಮೆರಿಕದಲ್ಲಿ ಇಂಥವಕ್ಕೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಬಗೆಯ ಮೊದಲ ಜೆಲ್‌ಗೆ ಒಪ್ಪಿಗೆ ಕೊಟ್ಟಿದ್ದು 2003ರ ಕೊನೆಯಲ್ಲಿ. ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಇದರ ದೊಡ್ಡ ಗುಣ ಬೇರೆಯೇ ಇದೆ. ಇಷ್ಟ ಆಗಲಿಲ್ಲ ಅಂದರೂ, ತೊಂದರೆ ಆದರೂ, ಹಯಲುರಾನಿಡೇಸ್ ಅನ್ನೋ ಎಂಜೈಮ್ ಚುಚ್ಚಿ ಕರಗಿಸಬಹುದು. ನಮ್ಮ ಭಾಷೆಯಲ್ಲಿ ಇದು ಕಚ್ಚಾ ಹೊಲಿಗೆ. ದಾರದ ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ.

ಸಿಂಥೆಟಿಕ್ ಫಿಲ್ಲರ್‌ಗಳಿಗೆ ಆ ತುದಿ ಇಲ್ಲ. ಅವುಗಳನ್ನು ಕರಗಿಸುವ ಎಂಜೈಮ್ ಯಾವುದೂ ಇಲ್ಲ. ಅವುಗಳಲ್ಲೂ ಎಲ್ಲಾ ಒಂದೇ ಅಲ್ಲ. ಕೆಲವು ಬಹಳ ದಿನ ಇದ್ದು ನಿಧಾನವಾಗಿ ಹೋಗುತ್ತವೆ. ಕೆಲವು ಹೋಗುವುದೇ ಇಲ್ಲ.

ನಿಧಾನವಾಗಿ ಹೋಗುವುದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಪಾಲಿ ಲ್ಯಾಕ್ಟಿಕ್ ಆಸಿಡ್. ಸ್ಕಲ್ಪ್ಟ್ರಾ ಅಂತ ಮಾರಾಟವಾಗುವುದು ಇದೇ. ಡಾಕ್ಟರ್ ಇದರ ಬಗ್ಗೆ ಹೇಳುವಾಗ "ನಿಮ್ಮ ಕಸುಬಿಗೆ ನೆಂಟ" ಅಂದರು. ಆಪರೇಷನ್ ಆದ ಮೇಲೆ ಒಳಗೆ ಹಾಕುವ, ತಾನಾಗಿ ಕರಗುವ ಹೊಲಿಗೆ ದಾರ ಇದೆಯಲ್ಲ, ಅದೂ ಇದೇ ಕುಟುಂಬದ ವಸ್ತುವಿನಿಂದ ಮಾಡಿದ್ದು. ಪುಡಿಯಾಗಿ ಬರುತ್ತದೆ, ನೀರಿನಲ್ಲಿ ಕಲಸಿ ಚುಚ್ಚುತ್ತಾರೆ. ಚುಚ್ಚಿದ ದಿನ ಕಾಣುವ ಉಬ್ಬು ಆ ನೀರಿನದು, ಕೆಲವೇ ದಿನಕ್ಕೆ ಇಳಿದುಹೋಗುತ್ತದೆ. ನಿಜವಾದ ಕೆಲಸ ಆಮೇಲೆ ಶುರು. ಆ ಕಣಗಳ ಸುತ್ತ ದೇಹ ತನ್ನದೇ ಕೊಲಾಜೆನ್, ಅಂದರೆ ಚರ್ಮವನ್ನು ಹಿಡಿದಿಡುವ ನಾರು, ನೇಯುತ್ತಾ ಹೋಗುತ್ತದೆ, ತಿಂಗಳುಗಟ್ಟಲೆ. ಫಲ ಎರಡು ವರ್ಷದವರೆಗೂ ಇರಬಹುದು. ಕಣಗಳು ಒಂದೇ ಕಡೆ ಗುಂಪಾಗಿ ನಿಂತರೆ ಗಂಟಾಗುತ್ತದೆ. ಅದಕ್ಕೇ ದಿನಕ್ಕೆ ಐದು ಸಲ, ಐದೈದು ನಿಮಿಷ, ಐದು ದಿನ ತಿಕ್ಕಬೇಕು ಅಂತ ಹೇಳಿ ಕಳಿಸುತ್ತಾರೆ.

ಇದಕ್ಕೆ 2004ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು ಯಾರಿಗೋಸ್ಕರ ಗೊತ್ತಾ? ಎಚ್‌ಐವಿ ಇದ್ದವರಿಗೆ. ಅವರಲ್ಲಿ ಎಷ್ಟೋ ಜನರಿಗೆ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿ ಬಿದ್ದು ಹೋಗುತ್ತಿತ್ತು. ಔಷಧಿ ಜೀವ ಉಳಿಸಿತ್ತು, ಆದರೆ ಮುಖ ನೋಡಿಯೇ ಜನ ಕಾಯಿಲೆ ಗುರುತು ಹಿಡಿಯುವ ಹಾಗಾಗಿತ್ತು. ಕೆಲಸಕ್ಕೆ ಹೋಗಲು, ಬಸ್ಸಿನಲ್ಲಿ ಕೂರಲು ಹಿಂಜರಿಯುತ್ತಿದ್ದವರಿಗೆ ಈ ಪುಡಿ ಕೆನ್ನೆ ವಾಪಸ್ ಕೊಟ್ಟಿತು. ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಲ್ಲಿವರೆಗೂ ಈ ಸೂಜಿಗಳ ಮೇಲೆ ನನಗೆ ಬರೀ ಸಿಟ್ಟಿತ್ತು. ಆ ಸಿಟ್ಟು ಎಲ್ಲಾ ಸೂಜಿಗೂ ಸಲ್ಲುವುದಿಲ್ಲ ಅಂತ ಆವತ್ತು ಗೊತ್ತಾಯಿತು.

ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಅಂತ ಇನ್ನೊಂದಿದೆ, ರೇಡಿಯೆಸ್ ಅನ್ನೋ ಹೆಸರಿನಲ್ಲಿ ಬರುತ್ತದೆ. ಮೂಳೆಯಲ್ಲಿರುವ ಖನಿಜದ ಸಣ್ಣ ಉಂಡೆಗಳು. ಒಂದು ವರ್ಷ, ಕೆಲವರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ನಿಲ್ಲುತ್ತದೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಇನ್ನು ಹೋಗದೇ ಇರುವವು. ಈ ಕಥೆ ನೂರು ವರ್ಷಕ್ಕಿಂತ ಹಳೆಯದು. 1899ರ ಹೊತ್ತಿಗೆ ವಿಯೆನ್ನಾದ ಡಾಕ್ಟರ್ ರಾಬರ್ಟ್ ಗೆರ್ಸುನಿ ದೇಹದೊಳಗೆ ಮೇಣದಂಥ ಪ್ಯಾರಾಫಿನ್ ಚುಚ್ಚಲು ಶುರು ಮಾಡಿದರು. ಜನ ಮೂಗಿಗೆ, ಕೆನ್ನೆಗೆ ಅಂತ ಹಾಕಿಸಿಕೊಂಡರು. ಕೆಲವು ವರ್ಷದಲ್ಲಿ ಅದು ಜಾಗ ಬಿಟ್ಟು ಸರಿದು ಗಂಟುಗಂಟಾಯಿತು. ಆ ಗಂಟುಗಳಿಗೆ ಪ್ಯಾರಾಫಿನೋಮ ಅಂತ ಬೇರೆ ಹೆಸರೇ ಇಡಬೇಕಾಯಿತು. ಆಮೇಲೆ ಸಿಲಿಕೋನ್ ಎಣ್ಣೆ ಬಂತು. ಅದನ್ನು ಕಣ್ಣಿನ ರೆಟಿನಾ ಚಿಕಿತ್ಸೆಗೆ ಬಳಸಲು ಒಪ್ಪಿಗೆ ಇದೆ, ಅಂದಕ್ಕೆ ಅಂತ ಮುಖಕ್ಕೆ ಚುಚ್ಚಲು ಎಫ್‌ಡಿಎ ಯಾವತ್ತೂ ಒಪ್ಪಿಲ್ಲ. ಚುಚ್ಚುವವರು ಮಾತ್ರ ಇನ್ನೂ ಇದ್ದಾರೆ. ಪಾಲಿಅಕ್ರಿಲಮೈಡ್ ಜೆಲ್ ಬಂತು. ನೂರಕ್ಕೆ ತೊಂಬತ್ತೇಳು ಭಾಗ ನೀರೇ, ನೋಡಲು ಏನೂ ಅಪಾಯ ಇಲ್ಲ ಅನ್ನಿಸುತ್ತದೆ. ಆದರೆ ಆ ಮೆತ್ತನೆ ಜೆಲ್ಲಿನೊಳಗೆ ಬ್ಯಾಕ್ಟೀರಿಯಾ ಪೊರೆ ಕಟ್ಟಿಕೊಂಡು ವರ್ಷಗಟ್ಟಲೆ ಅಡಗಿ ಕೂರಬಹುದು. ಚೀನಾ 2006ರಲ್ಲಿ ಇದನ್ನು ನಿಷೇಧಿಸಿತು.

ಡಾಕ್ಟರ್ ಎದುರು ಇದ್ದ ಪ್ರಶ್ನೆ ಇದು: ಇಷ್ಟರಲ್ಲಿ ನನ್ನ ಕೆನ್ನೆಯಲ್ಲಿ ಇರುವುದು ಯಾವುದು? ಜೆಲ್ಲಿನೊಳಗೆ ಸೋಂಕು ಆಗಿದ್ದರೆ ಸ್ಟಿರಾಯ್ಡ್, ಅಂದರೆ ಊತ ಇಳಿಸುವ ಔಷಧಿ, ಚುಚ್ಚುವ ಹಾಗಿಲ್ಲ, ಸೋಂಕು ಇನ್ನೂ ಜಾಸ್ತಿ ಆಗಬಹುದು. ದೇಹ ಹೊರಗಿನ ಕಣವನ್ನು ಸುತ್ತುಗಟ್ಟಿ ಮಾಡಿಕೊಂಡ ಗಂಟಾದರೆ, ಅಂದರೆ ಗ್ರ್ಯಾನುಲೋಮ ಆದರೆ, ಸ್ಟಿರಾಯ್ಡೇ ಮದ್ದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಹೆಸರು ಗೊತ್ತಿದ್ದರೆ ಮೊದಲ ದಿನವೇ ಅರ್ಧ ದಾರಿ ಮುಗಿಯುತ್ತಿತ್ತು.

ಮೊದಲು ಆಂಟಿಬಯಾಟಿಕ್ ಕೊಟ್ಟರು. ಕೆಂಪು ಸ್ವಲ್ಪ ಇಳಿಯಿತು, ಗಂಟು ಹಾಗೇ ಇತ್ತು. ಆಮೇಲೆ ಅಲ್ಟ್ರಾಸೌಂಡ್. ಕೆನ್ನೆಗೆ ತಣ್ಣನೆ ಜೆಲ್ ಹಚ್ಚಿ ಬಳಪದಷ್ಟು ದಪ್ಪದ ಯಂತ್ರ ಓಡಿಸಿದರು. ನಾನೂ ಪರದೆ ನೋಡುತ್ತಿದ್ದೆ. ಹಯಲುರಾನಿಕ್ ಆಗಿದ್ದರೆ ನೀರು ತುಂಬಿದ ಕುಳಿಯ ಹಾಗೆ ಕಪ್ಪಗೆ ಕಾಣುತ್ತದಂತೆ. ನನ್ನದರಲ್ಲಿ ಕಪ್ಪು ಕುಳಿ ಇರಲಿಲ್ಲ. ಬೆಳ್ಳಗಿನ ಚುಕ್ಕೆಗಳು, ಒಂದೊಂದರ ಹಿಂದೆಯೂ ಮೊಂಡು ಬಾಲ, ಧೂಮಕೇತುವಿನ ಹಾಗೆ. "ಇದು ಕರಗೋ ಜಾತಿ ಅಲ್ಲಮ್ಮ" ಅಂದರು ಯಂತ್ರ ಹಿಡಿದವರು. ದನಿಯಲ್ಲಿ ಮರುಕ ಇತ್ತು.

ಕೊನೆಗೆ ಬಯಾಪ್ಸಿ. ತುಟಿಯ ಒಳಗಡೆಯಿಂದ ಒಂದು ಚೂರು ತೆಗೆದರು, ಹೊರಗೆ ಕಲೆ ಬೀಳಬಾರದು ಅಂತ. ಪ್ಯಾಥಾಲಜಿ ಡಾಕ್ಟರ್ ಒಳ್ಳೆಯ ಮನುಷ್ಯ. ನಾನು ಕೇಳಿದ್ದಕ್ಕೆ ಮೈಕ್ರೋಸ್ಕೋಪಿನಲ್ಲಿ ನೋಡಲು ಬಿಟ್ಟರು.

ಗುಲಾಬಿ ಬಣ್ಣದ ನೂಲುಗಳು ಅಡ್ಡಾದಿಡ್ಡಿ. ಸಡಿಲ ನೇಯ್ಗೆಯ ಬಟ್ಟೆಯನ್ನು ಬೆಳಕಿಗೆ ಹಿಡಿದ ಹಾಗಿತ್ತು. ಆ ನೂಲುಗಳ ನಡುವೆ ರಂಧ್ರಗಳು. ಒಂದಲ್ಲ ಎರಡಲ್ಲ, ರಾಶಿ ರಾಶಿ. ಎಲ್ಲಾ ದುಂಡಗೆ, ಎಲ್ಲಾ ಹೆಚ್ಚುಕಮ್ಮಿ ಒಂದೇ ಅಳತೆ, ಪಂಚಿಂಗ್ ಯಂತ್ರದಲ್ಲಿ ಹೊಡೆದ ಹಾಗೆ. ಪ್ರತಿ ರಂಧ್ರದ ಸುತ್ತ ನೇರಳೆ ಚುಕ್ಕೆಗಳ ಸಾಲು, ಕೆಲವು ಕಡೆ ಒಂದಕ್ಕೊಂದು ಸೇರಿ ದೊಡ್ಡ ಮುದ್ದೆ. ಅವು ನನ್ನ ದೇಹದ ರಕ್ಷಣೆಯ ಕೋಶಗಳು. ನುಂಗಲು ಆಗದೆ, ಬಿಡಲೂ ಆಗದೆ, ಸುತ್ತುವರಿದು ನಿಂತಿದ್ದವು. "ರಂಧ್ರಗಳೆಲ್ಲ ಒಂದೇ ಸೈಜ್ ಇದಾವೆ ನೋಡಿ. ಸಿಲಿಕೋನ್ ಆಗಿದ್ರೆ ಒಂದು ಚಿಕ್ಕದು, ಒಂದು ದೊಡ್ಡದು ಇರ್ತಿತ್ತು. ಇದು ಪಿಎಂಎಂಎ" ಅಂದರು.

ಮೂರು ತಿಂಗಳಿಗೆ ಹೆಸರು ಸಿಕ್ಕಿತು. ಕಂಪನಿ ಯಾವುದೋ ಇವತ್ತಿಗೂ ಗೊತ್ತಿಲ್ಲ. ವಸ್ತುವಿನ ಹೆಸರು ಮಾತ್ರ ಗೊತ್ತಾಯಿತು. ಪಾಲಿಮಿಥೈಲ್ ಮಿಥಾಕ್ರಿಲೇಟ್.

ಈ ಪಿಎಂಎಂಎ ಅಂದರೆ ನಮಗೆ ಗೊತ್ತಿರುವ ಅಕ್ರಿಲಿಕ್. ಗಾಜಿನಂಥ ಪ್ಲಾಸ್ಟಿಕ್. ಇದು ವಿಷ ಅಂತ ತಿಳಿಯಬೇಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳ ಮುಚ್ಚಳ ಇದರಿಂದಲೇ ಮಾಡಿದ್ದರು. ಅದು ಒಡೆದು ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಾಗ, ಕಣ್ಣು ಆ ಚೂರುಗಳ ಜೊತೆ ಜಗಳ ಆಡದೆ ಸುಮ್ಮನಿತ್ತು. ಹೆರಾಲ್ಡ್ ರಿಡ್ಲಿ ಅನ್ನೋ ಕಣ್ಣಿನ ಡಾಕ್ಟರ್ ಇದನ್ನು ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಅದೇ ವಸ್ತುವಿನ ಲೆನ್ಸ್ ಮಾಡಿ ಕಣ್ಣಿನ ಪೊರೆಯ ರೋಗಿಗೆ ಕೂರಿಸಿದರು. ಕಣ್ಣೊಳಗೆ ಕೃತಕ ಲೆನ್ಸ್ ಹಾಕುವುದು ಶುರುವಾಗಿದ್ದೇ ಹಾಗೆ. ಮಂಡಿ, ಸೊಂಟದ ಕೀಲು ಬದಲಿಸುವಾಗ ಹಾಕುವ ಸಿಮೆಂಟ್ ಕೂಡ ಇದೇ.

ಫಿಲ್ಲರಿಗೆ ಇದನ್ನು ಸಣ್ಣ ಗೋಲಿಗಳಾಗಿ ಮಾಡುತ್ತಾರೆ, 30ರಿಂದ 50 ಮೈಕ್ರಾನ್. ಅಂದರೆ ತಲೆಕೂದಲಿನ ದಪ್ಪದ ಸುಮಾರು ಅರ್ಧ. ಈ ಅಳತೆಗೂ ಕಾರಣ ಇದೆ. 20 ಮೈಕ್ರಾನ್‌ಗಿಂತ ಸಣ್ಣದಾದರೆ ನಮ್ಮ ಕೋಶಗಳು ನುಂಗಿ ಹೊತ್ತುಕೊಂಡು ಹೋಗುತ್ತವೆ. ತೀರಾ ದೊಡ್ಡದಾದರೆ ಸೂಜಿಯಲ್ಲಿ ಹೋಗುವುದಿಲ್ಲ. ಎಫ್‌ಡಿಎ 2006ರಲ್ಲಿ ಒಪ್ಪಿದ ಆರ್ಟೆಫಿಲ್, ಈಗ ಬೆಲ್ಲಾಫಿಲ್ ಅಂತ ಹೆಸರು ಬದಲಾಗಿದೆ, ಅದರಲ್ಲಿ ಐದರಲ್ಲಿ ಒಂದು ಭಾಗ ಈ ಗೋಲಿಗಳು, ನಾಲ್ಕು ಭಾಗ ದನದ ಕೊಲಾಜೆನ್ ಇರುವ ಜೆಲ್. ಜೆಲ್ ಕೆಲವು ತಿಂಗಳಲ್ಲಿ ಕರಗುತ್ತದೆ, ಅಷ್ಟರಲ್ಲಿ ನಮ್ಮದೇ ಕೊಲಾಜೆನ್ ಗೋಲಿಗಳನ್ನು ಸುತ್ತಿಕೊಂಡು ಆ ಜಾಗ ತುಂಬುತ್ತದೆ. ಗೋಲಿಗಳು ಮಾತ್ರ ಸಾಯುವವರೆಗೂ ಅಲ್ಲೇ. 2014ರಲ್ಲಿ ಮೊಡವೆಯ ಗುಳಿ ಕಲೆಗಳಿಗೂ ಒಪ್ಪಿಗೆ ಸಿಕ್ಕಿದೆ. ಹಾಕುವ ನಾಲ್ಕು ವಾರ ಮೊದಲು ಮುಂಗೈಯಲ್ಲಿ ಸ್ವಲ್ಪ ಕೊಲಾಜೆನ್ ಚುಚ್ಚಿ ಅಲರ್ಜಿ ಇದೆಯಾ ನೋಡಬೇಕು ಅನ್ನುವುದು ನಿಯಮ. ನನಗೆ ಯಾರೂ ಮುಂಗೈಗೆ ಏನೂ ಚುಚ್ಚಿರಲಿಲ್ಲ.

ಲೆನ್ಸಿಗೂ ಇದಕ್ಕೂ ವ್ಯತ್ಯಾಸ ಏನು ಅಂತ ಯೋಚಿಸಿ. ಲೆನ್ಸ್ ಒಂದು ತುಂಡು, ಒಂದು ಜಾಗದಲ್ಲಿ ಇರುತ್ತದೆ, ಬೇಕಾದರೆ ಡಾಕ್ಟರ್ ತೆಗೆಯಬಹುದು. ಈ ಗೋಲಿಗಳ ಲೆಕ್ಕ ಹಾಕಿದರೆ ಒಂದು ಎಂಎಲ್‌ನಲ್ಲಿ ಸುಮಾರು 60 ಲಕ್ಷ. ಅವು ಮಾಂಸದ ಜೊತೆ ಹೆಣೆದುಕೊಂಡು ಬಿಟ್ಟಿರುತ್ತವೆ. ಹೆಕ್ಕಿ ತೆಗೆಯಲು ಆಗುವುದಿಲ್ಲ. ತೆಗೆಯಬೇಕು ಅಂದರೆ ನಮ್ಮ ಮಾಂಸದ ಸಮೇತ ಕತ್ತರಿಸಿ ತೆಗೆಯಬೇಕು. ಅಲ್ಲಿ ಗುಳಿ ಬೀಳುತ್ತದೆ, ಕಲೆ ಉಳಿಯುತ್ತದೆ.

ಒಂಬತ್ತು ವರ್ಷ ಸುಮ್ಮನಿದ್ದದ್ದು ಯಾಕೆ ಎದ್ದಿತು? ಹಲ್ಲಿನ ಸೋಂಕು, ಅದರ ಚಿಕಿತ್ಸೆ, ಜೋರು ಜ್ವರ, ಇಂಥದ್ದು ಯಾವುದಾದರೂ ದೇಹದ ಕಾವಲನ್ನು ಎಬ್ಬಿಸಿದಾಗ ಹಳೆಯ ಫಿಲ್ಲರ್ ಇದ್ದ ಕಡೆಯೂ ಕಾವಲು ಎದ್ದು ಕೂರಬಹುದು ಅಂದರು ಡಾಕ್ಟರ್. 2020ರಲ್ಲಿ ಮಾಡರ್ನಾ ಕಂಪನಿಯ ಕೋವಿಡ್ ಲಸಿಕೆ ಪರೀಕ್ಷೆ ನಡೆಯುವಾಗಲೂ ಮೊದಲೇ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಮುಖ ಊದಿಕೊಂಡಿತ್ತು. ಇಳಿಯಿತು, ಅದಕ್ಕೆ ಲಸಿಕೆ ಬಿಡಬೇಕಿಲ್ಲ. ನನಗೆ ಬೇರೆ ಮಾತು ನಾಟಿತು. ಒಂದು ಸಲ ಚುಚ್ಚಿಸಿಕೊಂಡರೆ ಮುಗಿಯಿತು ಅಂದುಕೊಂಡಿದ್ದೆನಲ್ಲ, ಅದು ಮುಗಿದೇ ಇರಲಿಲ್ಲ. ನನ್ನ ದೇಹ ಅಷ್ಟೂ ದಿನ ಅದನ್ನು ಕಾಯುತ್ತಲೇ ಇತ್ತು.

ಚಿಕಿತ್ಸೆ ಸರಳವಾಗಿಯೇ ಇತ್ತು, ನೋವು ಮಾತ್ರ ಇತ್ತು. ಗಂಟಿನೊಳಗೇ ಸ್ಟಿರಾಯ್ಡ್ ಚುಚ್ಚುವುದು, ಟ್ರಯಾಮ್‌ಸಿನೊಲೋನ್. ಜೊತೆಗೆ ಫೈವ್ ಎಫ್‌ಯು ಅನ್ನೋ ಇನ್ನೊಂದು ಔಷಧಿ ಸ್ವಲ್ಪ. ತಿಂಗಳಿಗೊಂದು ಸಲ, ಒಟ್ಟು ಐದು ಸಲ. ಜಾಸ್ತಿ ಕೊಟ್ಟರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ ಅಂತ ಡಾಕ್ಟರ್ ಪ್ರತಿ ಸಲವೂ ಒಂದೆರಡು ಹನಿಯಷ್ಟೇ ಬಿಡುತ್ತಿದ್ದರು. ಗುಂಡಿಯಷ್ಟಿದ್ದ ಗಂಟು ಈಗ ಗುಂಡುಸೂಜಿಯ ತಲೆಯಷ್ಟಾಗಿದೆ. ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಚರ್ಮ ಒಂಚೂರು ತೆಳುವಾಗಿದೆ. ಅದು ಕಾಣುತ್ತದೆ. ಬಲಗಡೆ ಇವತ್ತಿಗೂ ಏನೂ ಆಗಿಲ್ಲ. ಬೆಳಿಗ್ಗೆ ಮುಖ ತೊಳೆಯುವಾಗ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಇನ್ನೊಂದು ಮಾತು, ಹೊಲಿಗೆಯವಳಾಗಿ. ನಾವು ಬಟ್ಟೆ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೇವೆ. ಯಾಕೆ? ಮೈ ಬದಲಾಗುತ್ತದೆ ಅಂತ. ನಾಳೆ ಬಿಚ್ಚಿ ಸಡಿಲ ಮಾಡಬೇಕಾದರೆ ಒಳಗೆ ಬಟ್ಟೆ ಇರಬೇಕು. ಮುಖವೂ ಬದಲಾಗುತ್ತದೆ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕೆಳಗಿಳಿಯುತ್ತದೆ, ಚರ್ಮ ತೆಳ್ಳಗಾಗುತ್ತದೆ, ಒಳಗಿನ ಮೂಳೆ ಕೂಡ ಸವೆಯುತ್ತದೆ. ಮೂವತ್ತಾರರ ಮುಖಕ್ಕೆ ಅಳತೆ ಮಾಡಿ ತುಂಬಿದ್ದು ಅರವತ್ತರ ಮುಖದಲ್ಲೂ ಅಷ್ಟೇ ಇರುತ್ತದೆ, ಅದೇ ಗಾತ್ರ. ಸುತ್ತಲಿನದೆಲ್ಲ ಇಳಿದಾಗ ಅದೊಂದು ಎದ್ದು ಕಾಣಬಹುದು. ಕರಗುವ ಫಿಲ್ಲರ್‌ನ ಕೊರತೆ ಅಂತ ಜನ ಹೇಳುತ್ತಾರಲ್ಲ, ಮತ್ತೆ ಮತ್ತೆ ಹಾಕಿಸಬೇಕು ಅಂತ, ನನಗೆ ಅದೇ ಅದರ ಒಳ್ಳೆಯ ಗುಣ ಅನ್ನಿಸುತ್ತದೆ. ಪ್ರತಿ ಸಲವೂ ಹೊಸ ಅಳತೆ.

ಅದೂ ಪೂರ್ತಿ ನಿರಪಾಯ ಅಂತ ಹೇಳುತ್ತಿಲ್ಲ. ಯಾವ ಫಿಲ್ಲರ್ ಆದರೂ ಸೂಜಿ ತಪ್ಪಿ ರಕ್ತನಾಳದೊಳಗೆ ಹೋದರೆ ರಕ್ತ ನಿಲ್ಲುತ್ತದೆ. ಚರ್ಮ ಬಿಳಿಚಿಕೊಂಡು ಆಮೇಲೆ ಸಾಯಬಹುದು. ಹುಬ್ಬಿನ ನಡುವೆ, ಮೂಗಿನ ಮೇಲೆ ಚುಚ್ಚುವಾಗ ಅಪಾಯ ಜಾಸ್ತಿ, ಅಲ್ಲಿಂದ ಕಣ್ಣಿನ ನಾಳಕ್ಕೆ ದಾರಿ ಇದೆ. ಅಪರೂಪ, ಆದರೆ ದೃಷ್ಟಿಯೇ ಹೋಗಬಹುದು, ಅದೂ ನಿಮಿಷಗಳ ಲೆಕ್ಕದಲ್ಲಿ. ಚರ್ಮದ ನಾಳ ಕಟ್ಟಿದಾಗ ಹಯಲುರಾನಿಕ್ ಆದರೆ ತಕ್ಷಣ ಎಂಜೈಮ್ ಸುರಿದು ಬಿಡಿಸಲು ನೋಡುತ್ತಾರೆ. ಸಿಂಥೆಟಿಕ್ ಆದರೆ ಆ ಕೀಲಿಯೂ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಚುಚ್ಚಿದ ಮೇಲೆ ವಿಪರೀತ ನೋವು, ಚರ್ಮ ಬಿಳಿಚಿಕೊಳ್ಳುವುದು, ಕಣ್ಣು ಮಂಜಾಗುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ. ಅದೇ ಗಳಿಗೆ ಹೇಳಿ.

ಆ ಹುಡುಗಿಗೆ ಆವತ್ತು ಹೇಳಿದ್ದು ಇಷ್ಟೇ. "ಹಾಕಿಸ್ಕೋಬೇಡ ಅಂತ ನಾನು ಹೇಳಲ್ಲ. ಆದ್ರೆ ಹೆಸರು ಕೇಳು." ಫಿಲ್ಲರ್ ಡಬ್ಬಿಯಲ್ಲಿ ಸಿರಿಂಜಿನ ಜೊತೆ ಸಾಮಾನ್ಯವಾಗಿ ಒಂದು ಅಂಟುಚೀಟಿ ಇರುತ್ತದೆ. ಅದರಲ್ಲಿ ಹೆಸರು, ಲಾಟ್ ನಂಬರ್, ಮುಗಿಯುವ ದಿನಾಂಕ. ಉಗುರಿನಷ್ಟೇ ಅಗಲ. ಅದು ಇರುವುದೇ ನಮ್ಮ ಕಡತಕ್ಕೆ ಅಂಟಿಸಲು. ನಮ್ಮ ಎದುರಿಗೇ ಡಬ್ಬಿ ಒಡೆಯಬೇಕು, ಆ ಚೀಟಿಯ ಒಂದು ಪ್ರತಿ ನಮ್ಮ ಕೈಗೆ ಬರಬೇಕು. ಕೊಡಲು ಹಿಂದೆಮುಂದೆ ನೋಡುವ ಕಡೆ ಕುರ್ಚಿಯಿಂದ ಎದ್ದು ಬರಬೇಕು. ಅದು ಕೈಯಲ್ಲಿದ್ದರೆ ಹತ್ತು ವರ್ಷ ಆದ ಮೇಲೂ, ಚುಚ್ಚಿದವರು ಎಲ್ಲೇ ಇರಲಿ ಇಲ್ಲದಿರಲಿ, ಯಾವ ಡಾಕ್ಟರಿಗಾದರೂ ತೋರಿಸಬಹುದು. ಹಲ್ಲಿನ ಡಾಕ್ಟರಿಗೂ ಹೇಳಿರಬೇಕು, ಅದರ ಮೇಲೆ ಇನ್ನೊಂದು ಫಿಲ್ಲರ್ ಹಾಕಿಸುವ ಮುಂಚೆಯೂ ಹೇಳಬೇಕು.

ನನ್ನ ಅಳತೆ ಪುಸ್ತಕದಲ್ಲಿ ಇಪ್ಪತ್ತೈದು ವರ್ಷದ ಗಿರಾಕಿಗಳ ಲೆಕ್ಕ ಇದೆ. ಯಾರಿಗೆ ಯಾವ ದಿನ ಯಾವ ಬಟ್ಟೆ ಹೊಲಿದೆ, ಲೈನಿಂಗ್ ಯಾವುದು ಹಾಕಿದೆ, ಎಲ್ಲಾ ಇದೆ. ಒಂದು ಬಟ್ಟೆಗೆ ಇಷ್ಟು ಬರೆದಿಡುವಾಗ, ಒಬ್ಬ ಹೆಂಗಸಿನ ಮುಖದೊಳಗೆ ಜೀವಮಾನ ಇರುವ ವಸ್ತು ಇಟ್ಟವರು ಒಂದು ಸಾಲು ಬರೆದು ಕೊಡಲಿಲ್ಲವಲ್ಲ ಅನ್ನೋ ಸಂಕಟ ನನಗೆ ಇನ್ನೂ ಇದೆ.

ಅವಳ ಅಳತೆ ಚೀಟಿಯ ಹಿಂದೆ ನಾಲ್ಕು ಪ್ರಶ್ನೆ ಬರೆದುಕೊಟ್ಟಿದ್ದೆ. ವಸ್ತುವಿನ ಹೆಸರೇನು? ಬೇಡ ಅಂದರೆ ಕರಗಿಸಲು ಆಗುತ್ತಾ? ಅಂಟುಚೀಟಿ ಕೊಡುತ್ತೀರಾ? ಐದು ವರ್ಷ ಆದ ಮೇಲೆ ಗಂಟಾದರೆ ಯಾರು ನೋಡುತ್ತಾರೆ?

ನಿನ್ನೆ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. ಹಾಕಿ ನೋಡಿದಳು, ತೋಳು ಸ್ವಲ್ಪ ಬಿಗಿ ಅಂದಳು. ಒಳಗೆ ಬಿಟ್ಟಿದ್ದ ಬಟ್ಟೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ದುಡ್ಡು ಕೊಡುವಾಗ ಪರ್ಸಿನಿಂದ ಆ ಚೀಟಿ ತೆಗೆದಳು. ಮೊದಲ ಎರಡು ಪ್ರಶ್ನೆಯ ಎದುರು ಪೆನ್ಸಿಲ್ಲಿನಲ್ಲಿ ಏನೋ ಬರೆದಿತ್ತು. ಕೆಳಗಿನ ಎರಡು ಖಾಲಿ.

"ಇವಕ್ಕೆ ಸರಿಯಾಗಿ ಹೇಳ್ಲಿಲ್ಲ ಅಕ್ಕ. ಬರ್ತೀವಿ ಅಂತ ಹೇಳಿ ಎದ್ದು ಬಂದೆ" ಅಂದಳು. ಚೀಟಿಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು.